ಬೇಡವಾದ ನಾಲ್ಕು ಬಾಟ್ಲಿ

ನನ್ನ ಮೊಬೈಲಿನಲ್ಲಿ 'ರಕ್ತ' ಅಂತ ಶುರುವಾಗುವ ಹೆಸರುಗಳೇ ನೂರರ ಮೇಲಿವೆ. ರಕ್ತ ಓ ನೆಗೆಟಿವ್ ಬನವಾಸಿ ಮೇಷ್ಟ್ರು. ರಕ್ತ ಬಿ ಪಾಸಿಟಿವ್ ಹುಲೇಕಲ್ ಗ್ಯಾರೇಜು. ಶಿರಸಿ ಸುತ್ತಮುತ್ತ ಯಾರಿಗಾದರೂ ಆಪರೇಷನ್ ಅಂದರೆ ಮೊದಲ ಫೋನು ನನಗೆ ಬರುತ್ತದೆ. ದುಡ್ಡು ತಗೊಂಡು ರಕ್ತ ಕೊಡುವುದು 1998ರ ಜನವರಿ 1ರಿಂದ ನಿಂತಿತಲ್ಲ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ? ಅದಾದ ಒಂದೆರಡು ವರ್ಷಕ್ಕೆ ಶುರುಮಾಡಿದ ಪಟ್ಟಿ ಇದು. ಆಗ ಡೈರಿಯಲ್ಲಿತ್ತು, ಈಗ ಮೊಬೈಲಿಗೆ ಬಂದಿದೆ. "ನಾಲ್ಕು ಬಾಟ್ಲಿ ಬೇಕಂತೆ" ಅಂದರೆ ನಾನು ಯಾಕೆ ಅಂತ ಕೇಳಿದವನೇ ಅಲ್ಲ. ಹುಡುಕಿಕೊಡುವುದು ನನ್ನ ಕೆಲಸ, ಅಷ್ಟೇ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ನಾನೇ ಬಿದ್ದೆ.

ಅಡಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಕೊಳೆ ಮದ್ದಿನ ಎರಡನೇ ಸುತ್ತು ನಡೆದಿತ್ತು. ಮೂರು ದಿನ ಬಿಡದೆ ಹೊಯ್ದ ಮಳೆ ಅವತ್ತು ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮೇಲೆ ಹತ್ತಿಯಾಗಿತ್ತು. ನಾನು ಮೈಲುತುತ್ತದ ಬಕೆಟ್ ಹಿಡಿದು ತೋಟದ ಸಂಕ, ಅಂದರೆ ಕಾಲುವೆಗೆ ಅಡ್ಡ ಹಾಕಿದ ಕಾಲುಸೇತುವೆ, ದಾಟುತ್ತಿದ್ದೆ. ವರ್ಷಕ್ಕೆ ಸಾವಿರ ಸಲ ದಾಟುವ ಸಂಕ. ಪಾಚಿ ಕಟ್ಟಿತ್ತು. ಎಡಗಾಲು ಜಾರಿದ್ದು ಗೊತ್ತು, ಬಸಿಗಾಲುವೆಯ ಅಂಚಿನ ಕಲ್ಲಿಗೆ ತೊಡೆ ಬಡಿದದ್ದು ಗೊತ್ತು. ಹಸಿ ಬಿದಿರು ಮುರಿದ ಹಾಗೆ ಒಂದು ಶಬ್ದ ಬಂತು. ಅದೇ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ಒಂಬತ್ತೂ ಹತ್ತರ ಬಸ್ಸು ಹಾರ್ನ್ ಹಾಕಿತು. ಆ ಹಾರ್ನ್ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ತೊಡೆ ನಡುವೆ ಬಾಗಿತ್ತು. ಇರಬಾರದ ಜಾಗದಲ್ಲಿ ಒಂದು ಮಂಡಿ ಬಂದ ಹಾಗೆ. ಚರ್ಮ ಹರಿದಿರಲಿಲ್ಲ, ಒಂದು ಹನಿ ರಕ್ತ ಹೊರಗೆ ಬಂದಿರಲಿಲ್ಲ. 'ಸದ್ಯ, ರಕ್ತ ಹೋಗಲಿಲ್ಲ' ಅಂದುಕೊಂಡೆ. ಇಷ್ಟು ವರ್ಷ ರಕ್ತದ ವ್ಯವಹಾರ ಮಾಡಿದವನಿಗೆ ಗೊತ್ತಿದ್ದದ್ದು ಅಷ್ಟೇ!

ಮರದಿಂದ ಇಳಿದು ಬಂದ ಕೊನೆಗೌಡ ಮಾಡಿದ ಕೆಲಸವನ್ನು ಈಗಲೂ ನೆನೆಯುತ್ತೇನೆ. ನನ್ನನ್ನು ಎಬ್ಬಿಸಿ ಕೂರಿಸಲು ಹೊರಟವರನ್ನೆಲ್ಲ ಅವನು ದೂರ ನಿಲ್ಲಿಸಿದ. "ಹೆಗಡೇರೆ, ಕೂಗಿ ಬೇಕಾದ್ರೆ, ಕಾಲು ಮಾತ್ರ ಅಲ್ಲಾಡಿಸಬೇಡಿ" ಅಂದ. ಬೇಲಿಗೆ ಅಂತ ಸೀಳಿಟ್ಟ ಅಡಕೆ ದಬ್ಬೆ ಎರಡು ತಂದ. ಇನ್ನೊಬ್ಬನಿಗೆ ನನ್ನ ಪಾದ ಹಿಡಿದು ಮೆಲ್ಲಗೆ, ಒಂದೇ ಸಮ ತನ್ನ ಕಡೆ ಜಗ್ಗಿ ಹಿಡಿದುಕೋ ಅಂದ. ಕಾಲು ನೇರ ಆಗುವಾಗ ಪ್ರಾಣ ಹೋಗಿ ಬಂತು. ನೇರ ಆದ ಮೇಲೆ ವಿಚಿತ್ರ ಅಂದರೆ ನೋವು ಅರ್ಧ ಆಯಿತು. ಎರಡೂ ಕಡೆ ದಬ್ಬೆ ಇಟ್ಟು, ಪಂಚೆ ಹರಿದು, ಒಳ್ಳೆಯ ಕಾಲಿನ ಜೊತೆ ಸೇರಿಸಿ ಐದು ಕಡೆ ಕಟ್ಟಿದ. ಕಂಬಳಿಗೆ ಎರಡು ಬಿದಿರು ಸಿಕ್ಕಿಸಿ ರಸ್ತೆಗೆ ಹೊತ್ತರು. ಆಂಬುಲೆನ್ಸಿಗೆ ಫೋನ್ ಮಾಡಲು ನೆಟ್‌ವರ್ಕ್ ಬೇಕಲ್ಲ, ಅದಿರಲಿಲ್ಲ. ಹಾಲಿನ ಪಿಕಪ್ ಸಿಕ್ಕಿತು.

ಶಿರಸಿಯ ಆಸ್ಪತ್ರೆ ಮುಟ್ಟುವಾಗ ಹನ್ನೊಂದು ಇಪ್ಪತ್ತು. ಬಾಯಾರಿಕೆ ಅಂದರೆ ಬಾಯಾರಿಕೆ. ಮೈಯೆಲ್ಲ ತಣ್ಣಗೆ ಬೆವರು. ತೊಡೆ ಹಲಸಿನ ಕಾಯಿಯ ಹಾಗೆ ಬಿಗಿದು ನಿಂತಿತ್ತು. ನಾಡಿ 118.

ಅಲ್ಲಿ ಎರಡು ರೀತಿಯ ಜನ ಕಂಡರು. ಒಬ್ಬ ಎಳೆ ಹುಡುಗ, ಡ್ಯೂಟಿ ಡಾಕ್ಟರು, ಓದು ಮುಗಿಸಿ ಜಾಸ್ತಿ ದಿನ ಆದ ಹಾಗಿರಲಿಲ್ಲ. ಅವನು ಬಂದವನೇ ಕೇಳಿದ್ದು "ಬಿದ್ದು ಎಷ್ಟು ಹೊತ್ತಾಯ್ತು?" ಅಂತ. "ಎರಡು ತಾಸು ಇರಬಹುದು" ಅಂದೆ. "ಇರಬಹುದು ಅಲ್ಲ, ಸರಿಯಾಗಿ ಹೇಳಿ." ಮೂರು ಸಲ ಕೇಳಿದ. ಬಿದ್ದವನಿಗೆ ಮುಹೂರ್ತ ಯಾಕೆ ಕೇಳುತ್ತಾನಪ್ಪ ಅಂತ ಸಿಟ್ಟು ಬಂತು. ಆಗ ಬಸ್ಸಿನ ಹಾರ್ನ್ ನೆನಪಾಗಿ "ಒಂಬತ್ತೂ ಹತ್ತು" ಅಂದೆ. ಗಡಿಯಾರ ನೋಡಿದ, ಸಿಸ್ಟರಿಗೆ ಏನೋ ಹೇಳಿದ. ಸಲೈನಿನ ಸಣ್ಣ ಬಾಟ್ಲಿಯೊಳಗೆ ಒಂದು ಔಷಧಿ ಸೇರಿಸಿ ಹತ್ತು ನಿಮಿಷ ನಿಧಾನ ಹರಿಸಿದರು.

ಇನ್ನೊಬ್ಬರು ಹಿರಿಯರು. ದಬ್ಬೆ ನೋಡಿ ಮುಖ ಸಿಂಡರಿಸಿದರು. "ಇದೇನು ಹಳ್ಳಿ ವೈದ್ಯ, ಬಿಚ್ಚಿ ಇದನ್ನ" ಅಂದರು. ಬಿಚ್ಚಿದ್ದು ಸರಿ, ಎಕ್ಸ್‌ರೇಗೆ ಬೇಕಿತ್ತೇನೋ. ಆದರೆ ಅದರ ಬದಲಿಗೆ ಬೇರೇನೂ ಕಟ್ಟದೆ ನನ್ನನ್ನು ಒಂದು ಮಂಚದಿಂದ ಇನ್ನೊಂದಕ್ಕೆ ಎಳೆದರು. ಒಳಗೆ ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜಿದ್ದು ನನಗೇ ಕೇಳಿಸಿತು. ಆಮೇಲೆ ಅದೇ ಹಿರಿಯರು ಹೊರಗೆ ನಿಂತ ನನ್ನ ಹೆಂಡತಿಗೆ ಹೇಳಿದರು: "ಇಲ್ಲಿ ಮಿಷನ್ ರಿಪೇರಿಗಿದೆ. ಬೇರೆ ಕಡೆ ಕರ್ಕೊಂಡು ಹೋಗಿ. ಏನಿದ್ರೂ ನಾಲ್ಕು ಬಾಟ್ಲಿ ರಕ್ತ ರೆಡಿ ಮಾಡ್ಕೊಳ್ಳಿ." ರಕ್ತ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಆ ನಾಲ್ಕು ಅನ್ನುವ ಲೆಕ್ಕ ಎಲ್ಲಿಂದ ಬಂತು? ಇಷ್ಟು ವರ್ಷ ನನಗೆ ಬರುತ್ತಿದ್ದ ಫೋನುಗಳಲ್ಲೂ ಯಾವಾಗಲೂ ನಾಲ್ಕೇ ಇರುತ್ತಿತ್ತು ಅನ್ನುವುದು ಆವತ್ತು ಹೊಳೆಯಿತು.

ಹುಬ್ಬಳ್ಳಿಯೋ ಕುಮಟಾವೋ ಅಂತ ಚರ್ಚೆ ಆಯಿತು. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ ಬಿಡಿ. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಹುಷಾರಿಲ್ಲ ಅಂದರೆ ಮೊದಲು ನೋಡುವುದು ಡಾಕ್ಟರನ್ನಲ್ಲ, ನಕ್ಷೆಯನ್ನು. ಕುಮಟಾದಲ್ಲಿರುವ ಭಾವ ತನಗೆ ಗೊತ್ತಿರುವ ಮೂಳೆ ಡಾಕ್ಟರಿಗೆ ಫೋನ್ ಮಾಡಿದ. ಅವರು ಕಳಿಸಿ ಅಂದರಂತೆ, ಜೊತೆಗೆ "ಕಾಲಿಗೆ ಸರಿಯಾಗಿ ಸ್ಪ್ಲಿಂಟ್ ಹಾಕದೆ ಗಾಡಿ ಹತ್ತಿಸಬೇಡಿ" ಅಂತ ಎರಡು ಸಲ ಹೇಳಿದರಂತೆ. ಆ ಡ್ಯೂಟಿ ಹುಡುಗನೇ ಎಲ್ಲಿಂದಲೋ ಥಾಮಸ್ ಸ್ಪ್ಲಿಂಟ್ ಹುಡುಕಿ ತಂದು ಕಟ್ಟಿದ. ಕಬ್ಬಿಣದ ಬಳೆ ಒಂದು, ಅದರಿಂದ ಪಾದದಾಚೆಗೂ ಹೋಗುವ ಎರಡು ಸರಳು. ಮೊದಲನೇ ಮಹಾಯುದ್ಧದಲ್ಲಿ ತೊಡೆ ಮುರಿದ ಸೈನಿಕರನ್ನು ಉಳಿಸಿದ ಸಾಮಾನು ಅಂತ ಆಮೇಲೆ ಓದಿದೆ. ನನಗೆ ಅದು ಕೊನೆಗೌಡನ ದಬ್ಬೆಯ ಕಬ್ಬಿಣದ ಅಣ್ಣನ ಹಾಗೆ ಕಂಡಿತು.

ದೇವಿಮನೆ ಘಟ್ಟ ಇಳಿದ ಕಥೆ ಹೇಳುವುದಿಲ್ಲ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಹೋದವರಿಗೆ ಹೇಳಬೇಕಾಗಿಲ್ಲ.

ಕುಮಟಾದ ಡಾಕ್ಟರು ನೋಡಲು ಯಾವುದೋ ಬ್ಯಾಂಕಿನ ಮ್ಯಾನೇಜರ್ ಹಾಗಿದ್ದರು. ಮಾತು ಕಡಿಮೆ, ಬರೆಯುವುದು ಜಾಸ್ತಿ. ಶಿರಸಿಯ ವರದಿ ನೋಡಿದರು. ಹಿಮೋಗ್ಲೋಬಿನ್ 12.1 ಇತ್ತು. ನಾನು ನೋವಿನಲ್ಲೂ ಸ್ವಲ್ಪ ಬೀಗಿದೆ. "ಮೇ ತಿಂಗಳ ಕ್ಯಾಂಪಿನಲ್ಲಿ 13.4 ಇತ್ತು ಡಾಕ್ಟ್ರೇ. ಏನೂ ಇಳಿದಿಲ್ಲ ಅಲ್ವಾ?"

"ಹೆಗಡೇರೇ, ಈ ನಂಬರು ಇವತ್ತು ಸುಳ್ಳು ಹೇಳ್ತದೆ" ಅಂದರು. "ನಾಳೆ ಬೆಳಿಗ್ಗೆ ನಿಜ ಹೇಳ್ತದೆ."

ಆಮೇಲೆ ಕೇಸ್ ಪೇಪರಿನ ಹಿಂದೆ ಬರೆದು ತೋರಿಸಿದರು. ಒಂದು ಕೊಡ ಪಾನಕದಲ್ಲಿ ಎರಡು ತಂಬಿಗೆ ಚೆಲ್ಲಿದರೆ ಉಳಿದ ಪಾನಕದ ಸಿಹಿ ಕಡಿಮೆ ಆಗುತ್ತದಾ? ಇಲ್ಲ. ಕೊಡ ತುಂಬಿಸಲು ನೀರು ಹಾಕಿದ ಮೇಲೆ ಸಪ್ಪೆಯಾಗುವುದು. ಮೈಯೂ ಹಾಗೇ. ಹೋದ ರಕ್ತದ ಜಾಗಕ್ಕೆ ಮೈ ನಿಧಾನವಾಗಿ ನೀರು ತಂದು ತುಂಬುತ್ತದೆ. ಅದಕ್ಕೆ ತಾಸುಗಟ್ಟಲೆ ಬೇಕು, ಕೆಲವೊಮ್ಮೆ ದಿನವೇ ಬೇಕು. ಅಲ್ಲಿಯವರೆಗೆ ಹಿಮೋಗ್ಲೋಬಿನ್ ನೋಡಿ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ನಾಡಿ, ಬಿಪಿ, ಮೂತ್ರ, ತೊಡೆಯ ಸುತ್ತಳತೆ ನೋಡಬೇಕು.

ಮರುದಿನ ಬೆಳಿಗ್ಗೆ ನಂಬರು ನಿಜ ಹೇಳಿತು: 10.2.

ನನ್ನ ತೂಕ 62 ಕಿಲೋ. ಕಿಲೋಗೆ 70 ಮಿಲಿಲೀಟರ್ ಲೆಕ್ಕ ಹಾಕಿದರೆ ಮೈಯಲ್ಲಿರುವ ರಕ್ತ ನಾಲ್ಕೂ ಕಾಲು ಲೀಟರಿಗೆ ಸ್ವಲ್ಪ ಮೇಲೆ. 13.4 ಇದ್ದದ್ದು 10.2 ಆಗಿದೆ ಅಂದರೆ ಸುಮಾರು ಕಾಲುಪಾಲು ಹೋಗಿದೆ. ಒಂದು ಲೀಟರು. ಒಂದು ಹನಿ ಹೊರಗೆ ಕಾಣದೆ ಒಂದು ಲೀಟರು ನನ್ನದೇ ತೊಡೆಯೊಳಗೆ ಹೋಗಿ ಕೂತಿತ್ತು. ಕ್ಯಾಂಪಿನಲ್ಲಿ ಒಂದು ಸಲಕ್ಕೆ 350 ಮಿಲಿ ತೆಗೆಯುತ್ತಾರೆ, ಆಮೇಲೆ ಮೂರು ತಿಂಗಳು ಗಂಡಸರು ಮತ್ತೆ ಕೊಡುವ ಹಾಗಿಲ್ಲ. ನಾನು ಮೂರು ಕ್ಯಾಂಪಿನ ರಕ್ತವನ್ನು ಒಂದೇ ದಿನ ಕೊಟ್ಟಿದ್ದೆ, ಯಾರಿಗೂ ಉಪಯೋಗ ಆಗದ ಹಾಗೆ. ತೊಡೆ ಮೂಳೆ ಮುರಿದರೆ ಲೀಟರು, ಒಂದೂವರೆ ಲೀಟರು ಹೋಗುವುದು ಮಾಮೂಲು ಅಂದರು ಡಾಕ್ಟರು.

"ಕತ್ತಿ ಮುಟ್ಟುವ ಮೊದಲೇ ಇಷ್ಟು ಹೋಗಿದೆ. ನಾನು ಥಿಯೇಟರಿನಲ್ಲಿ ಎಷ್ಟೇ ಜಾಣತನ ಮಾಡಿದ್ರೂ ಉಳಿಸೋದು ಇದಕ್ಕಿಂತ ಕಡಿಮೆ. ನಿಮ್ಮ ಕಾಲು ಜಗ್ಗಿ ದಬ್ಬೆ ಕಟ್ಟಿದವ ಯಾರು?" ಅಂತ ಕೇಳಿದರು. ಕೊನೆಗೌಡ ಅಂದೆ. "ಒಂದಿಷ್ಟು ರಕ್ತ ಅವನೇ ಉಳಿಸಿದ" ಅಂದರು. ಮುರಿದ ತೊಡೆ ಗಿಡ್ಡವಾಗಿ ಉಬ್ಬಿದರೆ ಒಳಗೆ ರಕ್ತ ತುಂಬಲು ಜಾಗ ಜಾಸ್ತಿ. ಜಗ್ಗಿ ಉದ್ದ ಮಾಡಿದರೆ ಸ್ನಾಯುಗಳು ಬಿಗಿದು ಒಳಗಿಂದಲೇ ಒತ್ತುತ್ತವೆ. ಸಡಿಲ ಗೋಣಿಗೂ ಬಿಗಿದ ಗೋಣಿಗೂ ಹಿಡಿಯುವ ಅಡಕೆಯಲ್ಲಿ ವ್ಯತ್ಯಾಸ ಇಲ್ವಾ, ಹಾಗೆ. ಅಲ್ಲದೆ ಅಲುಗಿದಷ್ಟೂ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಒಸರುತ್ತದೆ. ಶಿರಸಿಯಲ್ಲಿ ಮಂಚದಿಂದ ಮಂಚಕ್ಕೆ ಎಳೆದದ್ದು ನೆನಪಾಗಿ ಹಲ್ಲು ಕಚ್ಚಿದೆ.

ಕುಮಟಾಕ್ಕೆ ಬಂದ ದಿನ ರಾತ್ರಿಯಿಡೀ ಕಾಲಿಗೆ ಪಟ್ಟಿ ಸುತ್ತಿ ಮಂಚದ ತುದಿಯಿಂದ ಭಾರ ಇಳಿಬಿಟ್ಟಿದ್ದರು. ಇನ್ನೊಂದು ಸಣ್ಣ ವಿಷಯ ಗಮನಿಸಿದೆ. ನಾವು ಹಳ್ಳಿಯವರು ಬಾಟ್ಲಿ ಮೇಲೆ ಬಾಟ್ಲಿ ಸಲೈನ್ ಹಾಕಿದರೆ ಒಳ್ಳೆಯ ಆಸ್ಪತ್ರೆ ಅನ್ನುತ್ತೇವೆ. ಇಲ್ಲಿ ಬಿಪಿ ಸುಮಾರಾದ ಕೂಡಲೇ ಡ್ರಿಪ್ ನಿಧಾನ ಮಾಡಿದರು. ನನ್ನ ಹೆಂಡತಿ ಸಿಸ್ಟರಿಗೆ ಹೇಳಿಯೂ ಬಂದಳು, ಬಾಟ್ಲಿ ಖಾಲಿಯಾಯಿತು, ಇನ್ನೊಂದು ಹಾಕಿ ಅಂತ. ನೀರು ಹೊಯ್ದಷ್ಟೂ ರಕ್ತ ನೀರು ಮಜ್ಜಿಗೆ ಆಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಕಡಿಮೆ ಆಗುತ್ತದೆ ಅಂತ ಸಿಸ್ಟರೇ ತಿಳಿಸಿ ಹೇಳಿದರು.

ಮಾತ್ರೆಗಳ ವಿಚಾರಣೆ ಪೊಲೀಸ್ ಸ್ಟೇಷನ್ನಿನ ಹಾಗೆ ನಡೆಯಿತು. ಬಿಪಿಗೆ ಏನು, ಸಕ್ಕರೆಗೆ ಏನು, ಹೃದಯಕ್ಕೆ ಏನು, ರಕ್ತ ತೆಳು ಮಾಡುವ ಮಾತ್ರೆ ಉಂಟಾ, ಕಷಾಯ ಏನಾದರೂ ಕುಡಿಯುತ್ತೀರಾ? ಬಿಪಿ ಮಾತ್ರೆ ಒಂದೇ ಅಂದೆ. ಹೆಂಡತಿ ಬಿಡಲಿಲ್ಲ, "ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗ್ತಾರಲ್ಲ, ಅದು?" ಅಂದಳು. ಅದನ್ನು ನಾನು ಮಾತ್ರೆ ಅಂತಲೇ ಲೆಕ್ಕ ಹಿಡಿದಿರಲಿಲ್ಲ. ನೋವಿನ ಮಾತ್ರೆಗಳಲ್ಲೂ ಕೆಲವು ರಕ್ತ ಬೇಗ ನಿಲ್ಲದ ಹಾಗೆ ಮಾಡುತ್ತವಂತೆ. ಹಿಂದೆ ಪಾರ್ಶ್ವವಾಯು ಆಗಿತ್ತಾ, ಕಾಲಿನ ನರದಲ್ಲಿ ಹೆಪ್ಪು ಕಟ್ಟಿತ್ತಾ, ಫಿಟ್ಸ್ ಬರುತ್ತಿತ್ತಾ, ಕಿಡ್ನಿ ಸರಿ ಇದೆಯಾ ಅಂತಲೂ ಕೇಳಿದರು. ಈ ಕೊನೆಯ ಪ್ರಶ್ನೆಗಳೆಲ್ಲ ಶಿರಸಿಯ ಹುಡುಗ ಕೊಟ್ಟ ಆ ಸಣ್ಣ ಬಾಟ್ಲಿಗೇ ಸಂಬಂಧಪಟ್ಟದ್ದು ಅಂತ ಆಮೇಲೆ ಗೊತ್ತಾಯಿತು.

ಅದರ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಕಾಲು ಕಟ್ಟಿಕೊಂಡು ಮಲಗಿದವನಿಗೆ ಮೊಬೈಲ್ ಬಿಟ್ಟು ಏನಿದೆ, ಅದರ ಜಾತಕವನ್ನೇ ಓದಿದೆ. 1962ರಲ್ಲಿ ಜಪಾನಿನ ಓಕಾಮೊಟೊ ದಂಪತಿ ಕಂಡುಹಿಡಿದದ್ದು. ಹೆಂಡತಿ ಉಟಾಕೋ ಅವರಿಗೆ ಬಾಣಂತಿಯರ ರಕ್ತಸ್ರಾವ ನಿಲ್ಲಿಸಬೇಕು ಅಂತ ಹಟ. ಆದರೆ ಆ ಕಾಲದ ಪ್ರಸೂತಿ ಡಾಕ್ಟರುಗಳು ಪರೀಕ್ಷೆ ಮಾಡಿ ನೋಡಲು ಒಪ್ಪಲಿಲ್ಲವಂತೆ. ಅಪಘಾತದವರಿಗೆ ಉಪಯೋಗ ಆಗುತ್ತದಾ ಅಂತ ದೊಡ್ಡದಾಗಿ ನೋಡಿದ ಕ್ರಾಶ್-2 ಅನ್ನುವ ಅಧ್ಯಯನ ಬಂದದ್ದು 2010ರಲ್ಲಿ, 40 ದೇಶಗಳ 20 ಸಾವಿರಕ್ಕೂ ಜಾಸ್ತಿ ಗಾಯಾಳುಗಳ ಮೇಲೆ. ಔಷಧಿ ಸಿಗದವರಲ್ಲಿ ನೂರಕ್ಕೆ 16 ಜನ ತೀರಿಕೊಂಡರೆ ಸಿಕ್ಕವರಲ್ಲಿ 14.5. ಕೇಳಲು ಸಣ್ಣ ವ್ಯತ್ಯಾಸ. ಆ ಒಂದೂವರೆಯೊಳಗೆ ನಾನಿದ್ದರೆ ಸಣ್ಣದಲ್ಲ. ಅದರಲ್ಲಿ ಇನ್ನೊಂದು ವಿಷಯ ಹೊರಬಂತು: ಗಾಯವಾಗಿ ಮೂರು ತಾಸಿನ ಒಳಗೆ ಕೊಟ್ಟರೆ ಲಾಭ, ಆಮೇಲೆ ಕೊಟ್ಟರೆ ತಿರುಗಿ ಕೆಟ್ಟದ್ದೂ ಆಗಬಹುದು. ಆ ಹುಡುಗ ಮೂರು ಸಲ ಮುಹೂರ್ತ ಕೇಳಿದ್ದು ಅದಕ್ಕೆ. ಒಂಬತ್ತೂ ಹತ್ತರಿಂದ ಹನ್ನೊಂದು ಮೂವತ್ತೈದು. ಬಸ್ಸಿನವನಿಗೂ ಒಂದು ನಮಸ್ಕಾರ.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಡಾಕ್ಟರನ್ನು ಕೇಳಿದಾಗ ಅವರು ಹೇಳಿದ ರಸಾಯನಶಾಸ್ತ್ರ ನನ್ನ ತಲೆಗೆ ಹತ್ತಲಿಲ್ಲ. ನಾನು ನಮ್ಮ ಹಳ್ಳದ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಮಳೆಗಾಲ ಮುಗಿದ ಮೇಲೆ ನಾವು ಕಲ್ಲು, ಸೊಪ್ಪು, ಮಣ್ಣು ಹಾಕಿ ಹಳ್ಳಕ್ಕೆ ಕಟ್ಟ ಹಾಕುತ್ತೇವೆ. ರಾತ್ರಿಯೇ ಏಡಿಗಳು ಬಂದು ತೂತು ಕೊರೆಯುತ್ತವೆ. ಮೈಯಲ್ಲೂ ರಕ್ತನಾಳ ಹರಿದ ಕಡೆ ಹೆಪ್ಪಿನ ಕಟ್ಟ ಬೀಳುತ್ತದೆ, ಅದನ್ನು ಕರಗಿಸುವ ಏಡಿಗಳೂ ಮೈಯಲ್ಲೇ ಇವೆ. ದೊಡ್ಡ ಪೆಟ್ಟು ಬಿದ್ದಾಗ ಆ ಏಡಿಗಳಿಗೆ ಉತ್ಸಾಹ ಜಾಸ್ತಿ. ಈ ಔಷಧಿ ಕಟ್ಟ ಕಟ್ಟುವುದಿಲ್ಲ, ಏಡಿಯ ಕೊಂಬು ಹಿಡಿದು ಕೂರುತ್ತದೆ. ಹೀಗಾ ಅಂತ ಕೇಳಿದೆ. ಡಾಕ್ಟರು ಮೊದಲ ಸಲ ನಕ್ಕರು. "ಪರೀಕ್ಷೆಯಲ್ಲಿ ಬರೆದ್ರೆ ಮಾರ್ಕ್ಸ್ ಸಿಗಲ್ಲ, ಆದ್ರೆ ಸರಿ ಉಂಟು."

ಮಧ್ಯಾಹ್ನ ಎರಡಕ್ಕೆ ಒಳಗೆ ಕರೆದುಕೊಂಡು ಹೋದರು.

ಪೂರ್ತಿ ನಿದ್ದೆ ಮಾಡಿಸುತ್ತಾರೆ ಅಂದುಕೊಂಡಿದ್ದೆ. ಅನೆಸ್ತೇಶಿಯಾ ಡಾಕ್ಟರು ಬೆನ್ನಿಗೆ ಕೊಡುತ್ತೇನೆ ಅಂದರು. ಮೊದಲು ತೊಡೆಸಂದಿಗೆ ಒಂದು ಸೂಜಿ ಕೊಟ್ಟು ತೊಡೆ ಮರಗಟ್ಟಿಸಿದರು, ಇಲ್ಲದಿದ್ದರೆ ಮಗ್ಗುಲಾಗಲು ಆಗುತ್ತಲೇ ಇರಲಿಲ್ಲ. ಆಮೇಲೆ ಬೆನ್ನಿಗೆ. ಸೊಂಟದ ಕೆಳಗೆ ಬಿಸಿ ನೀರು ಇಳಿದ ಹಾಗಾಗಿ, ಆಮೇಲೆ ಕಾಲುಗಳು ನನ್ನವಲ್ಲ ಅನಿಸಿತು. ಬೆನ್ನಿಗೆ ಕೊಟ್ಟಾಗ ಬಿಪಿ ಒಂದಿಷ್ಟು ಇಳಿಯುತ್ತದೆ, ಒತ್ತಡ ಕಡಿಮೆ ಇದ್ದರೆ ಒಸರುವುದೂ ಕಡಿಮೆ, ಆದರೆ ಜಾಸ್ತಿ ಇಳಿಯಲು ಬಿಡಬಾರದು ಅಂತ ಅವರು ಪರದೆಯ ಮೇಲಿನ ನಂಬರು ನೋಡುತ್ತಲೇ ಇದ್ದರು. ಮೋಟಾರಿನ ಒತ್ತಡ ತಗ್ಗಿಸಿ ಪೈಪಿನ ತೂತು ಮುಚ್ಚುವ ಕೆಲಸ.

ಚಳಿ! ಥಿಯೇಟರಿನ ಏಸಿ ಚಳಿಗೆ ಹಲ್ಲು ಕಟಕಟ ಅಂದಿತು. ಕೂಡಲೇ ಎದೆಯ ಮೇಲೆ ಬಿಸಿಗಾಳಿ ತುಂಬುವ ಹೊದಿಕೆ ಹಾಕಿದರು. ನನ್ನ ಸುಖಕ್ಕೆ ಅಂದುಕೊಂಡು ಥ್ಯಾಂಕ್ಸ್ ಹೇಳಿದೆ. "ನಿಮ್ಮ ಸುಖಕ್ಕಲ್ಲ, ಮೈ ತಣ್ಣಗಾದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟೋದಿಲ್ಲ" ಅಂದರು. ಕೈಗೆ ಏರಿಸುವ ಸಲೈನನ್ನೂ ಬೆಚ್ಚಗೆ ಮಾಡಿಟ್ಟಿದ್ದರು. ಕತ್ತಿ ಹಾಕುವ ಸ್ವಲ್ಪ ಮೊದಲು ಅದೇ ಏಡಿ ಔಷಧಿ ಮತ್ತೊಂದು ಗ್ರಾಂ.

ಎದೆಯ ಮುಂದೆ ಹಸಿರು ಪರದೆ ಕಟ್ಟಿದ್ದರಿಂದ ಕಾಲು ಕಾಣುತ್ತಿರಲಿಲ್ಲ. ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ನಾನು ಸುಮ್ನೆ ಇರುವವನಲ್ಲ. "ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿಬಿಟ್ರೆ ರಕ್ತವೇ ಬರಲ್ವಲ್ಲ ಡಾಕ್ಟ್ರೇ, ಹಾವು ಕಚ್ಚಿದ್ರೆ ಕಟ್ತಾರಲ್ಲ?" ಅಂದೆ. ಪರದೆಯಾಚೆಯಿಂದ ಉತ್ತರ ಬಂತು: "ಹಾವು ಕಚ್ಚಿದ್ರೂ ಕಟ್ಟಬಾರದು, ಅದನ್ನ ನಿಮ್ಮೂರಲ್ಲಿ ಹೇಳಿ." ಮೊಣಕಾಲಿನ ಕೆಳಗೆ, ಪಾದ, ಮುಂಗೈ ಆದರೆ ಗಾಳಿ ತುಂಬುವ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಿ ಕೆಲಸ ಮಾಡುತ್ತಾರೆ. ಎಸ್ಮಾರ್ಕ್ ಅನ್ನುವ ಜರ್ಮನಿಯ ಡಾಕ್ಟರು 1873ರಲ್ಲೇ ರಬ್ಬರ್ ಪಟ್ಟಿ ಸುತ್ತಿ ಆ ದಾರಿ ತೋರಿಸಿದ್ದು. ತೊಡೆಯ ಮೇಲ್ಭಾಗ, ಸೊಂಟದ ಕೀಲಿನ ಕೆಲಸಕ್ಕೆ ಕಟ್ಟಲು ಜಾಗವೇ ಇಲ್ಲ. ಹಾಗಾಗಿ ಇಲ್ಲಿ ಸಣ್ಣ ಸಣ್ಣ ಉಪಾಯಗಳನ್ನೇ ಒಟ್ಟು ಸೇರಿಸಬೇಕು.

ಮುರಿದ ಜಾಗವನ್ನು ತೆರೆಯಲೇ ಇಲ್ಲ ಅನ್ನುವುದು ಆಮೇಲೆ ಗಾಯ ನೋಡಿದಾಗ ತಿಳಿಯಿತು. ಸೊಂಟದ ಹತ್ತಿರ ಎರಡು ಇಂಚು, ಮಂಡಿಯ ಹತ್ತಿರ ಎರಡು ಸಣ್ಣ ಗೀರು. ಕಾಲನ್ನು ಟೇಬಲಿಗೆ ಜಗ್ಗಿ ಕಟ್ಟಿ, ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡುತ್ತ ಮೂಳೆ ಕೂಡಿಸಿ, ಮೇಲಿಂದ ಒಳಗೆ ರಾಡು ಇಳಿಸಿದ್ದು. ಮುರಿದ ಜಾಗದ ಸುತ್ತ ನಿಂತ ಹೆಪ್ಪನ್ನು ಕೆದಕಿದರೆ ನಿಂತದ್ದೂ ಮತ್ತೆ ಶುರುವಾಗುತ್ತದೆ, ಮೂಳೆ ಕೂಡಲು ಬೇಕಾದ ಸರಕೂ ಹೋಗುತ್ತದೆ. ಕತ್ತರಿಸಿದ ಕಡೆ ಸಣ್ಣ ನಾಳಗಳನ್ನು ಕಾಟರಿಯಲ್ಲಿ ಸುಡುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂತು. ಅದು ನನ್ನದೇ ಮೈ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮೂಳೆಯೊಳಗೆ ಕೊರೆಯುವ ಗಿರ್ರ್. ಆಮೇಲೆ ಸುತ್ತಿಗೆ. ಪೆಟ್ಟು ಬಿದ್ದಾಗಲೆಲ್ಲ ನನ್ನ ತಲೆ ದಿಂಬಿನ ಮೇಲೆ ಕುಣಿಯುತ್ತಿತ್ತು, ನೋವು ಮಾತ್ರ ಇಲ್ಲ.

ನನಗೆ ಕಾಣುತ್ತಿದ್ದ ಒಂದೇ ಮೂಲೆಯಲ್ಲಿ ಸಿಸ್ಟರ್ ಒಬ್ಬರು ಸಣ್ಣ ತಕ್ಕಡಿ ಇಟ್ಟುಕೊಂಡು ನಿಂತಿದ್ದರು. ಅಡುಗೆ ಮನೆಯಲ್ಲಿ ಹಿಟ್ಟು ತೂಗುವಂಥದ್ದು. ಒಳಗಿಂದ ಬಂದ ನೆಂದ ಬಟ್ಟೆಗಳನ್ನು, ಮಾಪ್ ಅನ್ನುತ್ತಾರೆ, ಒಂದೊಂದೇ ಅದರ ಮೇಲೆ ಇಟ್ಟು ಚೀಟಿಯಲ್ಲಿ ಬರೆಯುತ್ತಿದ್ದರು. ಒಣ ಮಾಪಿನ ತೂಕ 25 ಗ್ರಾಂ. ನೆಂದದ್ದು 48, 52, 41. ಕಳೆದು ಉಳಿದ ಪ್ರತಿ ಗ್ರಾಮಿಗೆ ಹತ್ತಿರ ಹತ್ತಿರ ಒಂದು ಮಿಲಿ ರಕ್ತ. ಗಾಯದಿಂದ ರಕ್ತ ಹೀರಿ ತೆಗೆಯುವ ಸಕ್ಷನ್ ಬಾಟ್ಲಿಯಲ್ಲಿ 250 ಇತ್ತು, ಅದರಲ್ಲಿ ತೊಳೆಯಲು ಹಾಕಿದ ಸಲೈನ್ 150, ಕಳೆಯಿರಿ. ಶಿರಸಿಯಲ್ಲಿ ಅಡಕೆ ಕೊಡುವಾಗ ಗೋಣಿಯ ತೂಕ ಕಳೆಯುತ್ತಾರಲ್ಲ, ಥೇಟ್ ಹಾಗೇ. ಕಣ್ಣಂದಾಜಿಗೆ ಬಿಟ್ಟರೆ ಎಲ್ಲರೂ ಕಡಿಮೆಯೇ ಹೇಳುತ್ತಾರಂತೆ, ಆಪರೇಷನ್ ಮಾಡಿದವರಂತೂ ಇನ್ನೂ ಕಡಿಮೆ. ಆರು ಮಾಪು, ಒಂದು ಬಾಟ್ಲಿ. "ಒಟ್ಟು 230 ಸರ್" ಅಂದರು ಸಿಸ್ಟರ್. ಕ್ಯಾಂಪಿನಲ್ಲಿ ಕೊಡುವುದಕ್ಕಿಂತ ಕಡಿಮೆ.

ಹೊರಗೆ ಜಗಲಿಯಲ್ಲಿ ನನ್ನ ಪಟ್ಟಿಯ ಮೂವರು ಹುಡುಗರು ಕೂತಿದ್ದರು. ಹೆಂಡತಿ ನನ್ನದೇ ಮೊಬೈಲಿನಿಂದ 'ರಕ್ತ ಬಿ ಪಾಸಿಟಿವ್' ಅಂತ ಇದ್ದವರಿಗೆಲ್ಲ ಫೋನ್ ಮಾಡಿದ್ದಳು. ಮಳೆಯಲ್ಲಿ ಘಟ್ಟ ಇಳಿದು ಬೈಕಿನಲ್ಲಿ ಬಂದವರು. ಡಾಕ್ಟರು ಎರಡು ಬಾಟ್ಲಿಯನ್ನು ಹೊಂದಿಸಿ ನೋಡಿ ಬ್ಲಡ್ ಬ್ಯಾಂಕಿನಲ್ಲೇ ಕಾದಿರಿಸಿ ಇಟ್ಟಿದ್ದರು, ಒಳಗೆ ತರಿಸಲೇ ಇಲ್ಲ. ಬೇಕಾಗದಿದ್ದರೆ ಅದು ಇನ್ನೊಬ್ಬರಿಗೆ ಹೋಗಲಿ ಅಂತ. ಹುಡುಗರಿಗೆ ಬೇಡ ಅಂದಾಗ ಒಬ್ಬನಿಗೆ ಸ್ವಲ್ಪ ಬೇಜಾರೇ ಆಯಿತು. ಚಾ, ಬನ್ಸ್ ತಿಂದು ಹೋದರು. ನಿಜ ಹೇಳಬೇಕೆಂದರೆ ನನಗೂ ಏನೋ ಒಂದು ಥರ ಅನಿಸಿತು. ಇಷ್ಟು ವರ್ಷ ಊರಿಗೆಲ್ಲ ಕೊಡಿಸಿದವನಿಗೆ ಒಂದು ಬಾಟ್ಲಿಯೂ ಏರಿಸಲಿಲ್ಲವಲ್ಲ!

ಮರುದಿನ ಹಿಮೋಗ್ಲೋಬಿನ್ 9.0. ಅದರ ಮರುದಿನ 8.6. ಹೆಂಡತಿ ಹೆದರಿದಳು. ಥಿಯೇಟರಿನಲ್ಲಿ ಹೋದದ್ದು 230 ಆದರೆ ಇಷ್ಟು ಇಳಿಯಬಾರದಿತ್ತಲ್ಲ? ಉಳಿದದ್ದು ಹೊಲಿಗೆಯ ಒಳಗೆ, ಮೂಳೆಯ ಸುತ್ತ ಒಸರಿದ್ದು. ಕಾಣುವ ಲೆಕ್ಕಕ್ಕಿಂತ ಕಾಣದ ಲೆಕ್ಕವೇ ದೊಡ್ಡದಿರುತ್ತದೆ. ಈಗಲಾದರೂ ಒಂದು ಬಾಟ್ಲಿ ಹಾಕಿ ಅಂದೆವು. ಡಾಕ್ಟರು ನನ್ನನ್ನು ಕೂರಿಸಿದರು, ತಲೆ ಸುತ್ತುತ್ತದಾ, ಎದೆ ನೋವು ಉಂಟಾ, ಉಸಿರು ಹಿಡಿಯುತ್ತದಾ ಕೇಳಿದರು. ಇಲ್ಲ. "ಹಾಗಿದ್ರೆ ಬೇಡ." ಸೊಂಟ ಮುರಿದು ಆಪರೇಷನ್ ಆದ ವಯಸ್ಸಾದವರಲ್ಲಿ, ಹೃದಯದ ತೊಂದರೆ ಇದ್ದವರಲ್ಲೂ, 10ಕ್ಕೆ ಇಳಿದ ಕೂಡಲೇ ರಕ್ತ ಕೊಟ್ಟದ್ದಕ್ಕೂ 8ರವರೆಗೆ ಕಾದದ್ದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2011ರಲ್ಲೇ ಎರಡು ಸಾವಿರ ಜನರ ಅಧ್ಯಯನ ಬಂದಿದೆ. ಬೇರೆಯವರ ರಕ್ತವೂ ಒಂದು ಕಸಿ ಇದ್ದ ಹಾಗೆ, ಸುಮ್ನೆ ಹಾಕುವ ಟಾನಿಕ್ ಅಲ್ಲ ಅಂದರು.

ಪಕ್ಕದ ಮಂಚದಲ್ಲಿ ಅಂಕೋಲೆ ಕಡೆಯ ಅಜ್ಜಿ, 78 ವರ್ಷ, ಸೊಂಟದ ಹತ್ತಿರ ಮುರಿದದ್ದು. ಹಿಂದೆ ಪಾರ್ಶ್ವವಾಯು ಆಗಿ ಕ್ಲೋಪಿಡೋಗ್ರೆಲ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರು. ಅದರ ಪ್ರಭಾವ ಇಳಿಯಲು ಐದರಿಂದ ಏಳು ದಿನ ಬೇಕು. ಅಷ್ಟು ದಿನ ಮಲಗಿಸಿಟ್ಟರೆ ಆ ವಯಸ್ಸಿನಲ್ಲಿ ಎದೆಯಲ್ಲಿ ಕಫ, ಬೆನ್ನಲ್ಲಿ ಹುಣ್ಣು. ಕಾಯದೆ ಮಾಡಿದರು. ಬೆನ್ನಿಗೆ ಸೂಜಿ ಹಾಕಿದರೆ ಅಲ್ಲಿ ರಕ್ತ ಕಟ್ಟುವ ಅಪಾಯ ಅಂತ ಪೂರ್ತಿ ನಿದ್ದೆ ಕೊಟ್ಟರು. ಏಡಿ ಔಷಧಿಯನ್ನು ನರಕ್ಕೆ ಕೊಡದೆ ಗಾಯದ ಜಾಗಕ್ಕೇ ಸುರಿದರಂತೆ. ಅವರಿಗೆ 7.4ಕ್ಕೆ ಇಳಿದಾಗ ಒಂದು ಬಾಟ್ಲಿ ಏರಿಸಿದರು. ಒಂದೇ. ಏರಿಸಿ, ಪರೀಕ್ಷೆ ಮಾಡಿ, ಸಾಕು ಅಂದರು. ಒಂದು ಬಾಟ್ಲಿಗೆ ಹೆಚ್ಚು ಕಡಿಮೆ 1 ಗ್ರಾಂ ಏರುತ್ತದೆ. "ಮಗಾ, ನಿಂಗೆ ಎಷ್ಟ್ ಬಾಟ್ಲಿ?" ಅಂತ ಅಜ್ಜಿ ಕೇಳಿದರು. ಸೊನ್ನೆ ಅಂದೆ. "ಹಂಗಾರೆ ನಿಂದು ಸಣ್ಣ ಆಪ್ರೇಶನ್ನು" ಅಂತ ತೀರ್ಪು ಕೊಟ್ಟರು.

ಇನ್ನೊಂದು ತಮಾಷೆ. ರಕ್ತ ನಿಲ್ಲಲಿ ಅಂತ ಇಷ್ಟೆಲ್ಲ ಮಾಡಿದವರು ಮರುದಿನದಿಂದ ಹೊಟ್ಟೆಗೆ ದಿನಾ ಒಂದು ಇಂಜೆಕ್ಷನ್ ಕೊಡತೊಡಗಿದರು, ರಕ್ತ ಹೆಪ್ಪುಗಟ್ಟದಿರಲಿ ಅಂತ. ಇದೆಂಥ ನ್ಯಾಯ? ಮಲಗಿದ ಕಾಲಿನ ನಾಳದಲ್ಲಿ ಹೆಪ್ಪು ಕಟ್ಟಿ ಅದು ಎದೆಗೆ ಹೋದರೆ ಪ್ರಾಣಕ್ಕೇ ಬರುತ್ತದೆ. ಮೊದಲ ದಿನ ಕಟ್ಟ ಒಡೆಯಬಾರದು, ಎರಡನೇ ದಿನದಿಂದ ಬೇಡದ ಕಡೆ ಕಟ್ಟ ಬೀಳಬಾರದು. ವಾಕರ್ ಹಿಡಿದು ಎರಡನೇ ದಿನವೇ ನಿಲ್ಲಿಸಿದ್ದೂ ಅದಕ್ಕೆ.

ಮನೆಗೆ ಬಂದ ಮೇಲೆ ಬೀಟ್‌ರೂಟಿನ ಕಾಟ ಶುರುವಾಯಿತು. ನೋಡಲು ಬಂದವರೆಲ್ಲ ಬೀಟ್‌ರೂಟ್, ದಾಳಿಂಬೆ. ಬಣ್ಣ ಕೆಂಪು ಅಂದ ಮಾತ್ರಕ್ಕೆ ರಕ್ತ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಯಾರಿಗೂ ಹೇಳಲು ಧೈರ್ಯ ಬರಲಿಲ್ಲ. ಆಸ್ಪತ್ರೆಯಲ್ಲೇ ಒಂದು ಸಲ ಕಬ್ಬಿಣಾಂಶ ನರಕ್ಕೆ ಕೊಟ್ಟಿದ್ದರು. ಹತ್ತು ವಾರಕ್ಕೆ 12.3 ಬಂತು. ದಾನ ಕೊಡಲು 12.5 ಬೇಕು. ಇನ್ನೂ ಪಾಯಿಂಟ್ ಎರಡು ಕಡಿಮೆ.

ಬಿಲ್ಲು ನೋಡಿದೆ. ರಾಡಿನದ್ದು ಒಂದು ಸಾಲು, ಥಿಯೇಟರಿನದ್ದು ಒಂದು ಸಾಲು. ಏಡಿ ಔಷಧಿ ಎಲ್ಲಿದೆ ಅಂತ ಹುಡುಕಬೇಕಾಯಿತು, ಹತ್ತಿ, ಪ್ಲಾಸ್ಟರುಗಳ ನಡುವೆ ಎಲ್ಲೋ ಇತ್ತು.

ಕಳೆದ ತಿಂಗಳು ರಾತ್ರಿ ಹತ್ತಕ್ಕೆ ಯಲ್ಲಾಪುರ ಕಡೆಯಿಂದ ಫೋನು. ದೂರದ ನೆಂಟ.

"ಭಾವಾ, ಮಾವ ಮೆಟ್ಟಿಲಿಂದ ಬಿದ್ದು ತೊಡೆ ಮುರ್ಕೊಂಡ. ನಾಲ್ಕು ಬಾಟ್ಲಿ ಓ ಪಾಸಿಟಿವ್ ಬೇಕಂತೆ."

"ಬಿದ್ದು ಎಷ್ಟು ಹೊತ್ತಾಯ್ತು?"

"ಈಗ... ಒಂದು ಮುಕ್ಕಾಲು ತಾಸು."

"ಸರಿಯಾಗಿ ಹೇಳು. ಕಾಲಿಗೆ ಏನಾದ್ರೂ ಕಟ್ಟಿದೀರಾ? ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾನಾ?"

"ಭಾವಾ, ರಕ್ತ ಸಿಗ್ತದಾ ಇಲ್ವಾ ಅದನ್ನ ಹೇಳು ಮೊದ್ಲು."

ಎರಡು ನಂಬರು ಕಳಿಸಿದೆ. ಆಮೇಲೆ, ಕಟ್ಟಲು ದಬ್ಬೆ ಇಲ್ಲದಿದ್ದರೆ ಎರಡೂ ಕಾಲು ಸೇರಿಸಿ ಕಟ್ಟಿ, ನಡುವೆ ದಿಂಬು ಇಡಿ, ಬಿದ್ದ ಹೊತ್ತನ್ನು ಡಾಕ್ಟರಿಗೆ ನೀವೇ ಮೊದಲು ಹೇಳಿ ಅಂತ ಒಂದು ಮೆಸೇಜ್ ಹಾಕಿದೆ. ನೀಲಿ ಗೆರೆ ಬಿದ್ದದ್ದು ಬೆಳಿಗ್ಗೆ.